ಸಹಾಯ ಬೇಕು: ಇಸಿಎಪಿ ಮಾಡಿದ 6061 ಅಲ್ಯೂಮಿನಿಯಂಗೆ ಏಜಿಂಗ್ ಎಷ್ಟು ಡಿಗ್ರಿ?

ಗ್ರೂಪಲ್ಲಿ ಮೆಟಲರ್ಜಿಯವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಎಂ.ಟೆಕ್ ಪ್ರಾಜೆಕ್ಟಿಗೆ 6061 (ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ) ಸರಳುಗಳನ್ನು 530 ಡಿಗ್ರಿಗೆ ಕಾಯಿಸಿ, ನೀರಲ್ಲಿ ಕ್ವೆಂಚ್ ಮಾಡಿ (ಅದ್ದಿ ತಟ್ಟನೆ ತಣ್ಣಗಾಗಿಸಿ), ಬಿಸಿ ಮಾಡದೆ ಹಾಗೇ ಈಕ್ವಲ್ ಚಾನೆಲ್ ಆಂಗ್ಯುಲರ್ ಪ್ರೆಸ್ಸಿಂಗ್ (ಇಸಿಎಪಿ, ಅಂದರೆ ಮೂಲೆ ತಿರುಗೋ ಡೈಯೊಳಗೆ ಸರಳನ್ನು ಒತ್ತಿ ತೂರಿಸೋದು) ಮಾಡ್ತಿದ್ದೀನಿ. ಡೈ 90 ಡಿಗ್ರಿಯದು, ಬಿ-ಸಿ ರೂಟ್, ಅಂದರೆ ಪ್ರತಿ ಪಾಸ್ ಆದಮೇಲೆ ಸರಳನ್ನು ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ಮತ್ತೆ ತೂರಿಸೋದು. ಒಂದು ಪಾಸ್‌ಗೆ ಸ್ಟ್ರೇನ್ (ಆಕಾರ ಎಷ್ಟು ಬದಲಾಯಿತು ಅನ್ನೋ ಅಳತೆ) ಸುಮಾರು 1.

ಪ್ರೆಸ್ ಆದ ಕೂಡಲೇ ಹಾರ್ಡ್‌ನೆಸ್ ಚೆನ್ನಾಗೇ ಏರುತ್ತೆ. ತಲೆನೋವು ಇರೋದು ಏಜಿಂಗ್‌ಗೆ, ಅಂದರೆ ಹದವಾದ ಬಿಸಿಯಲ್ಲಿಟ್ಟು ಇನ್ನಷ್ಟು ಗಟ್ಟಿ ಮಾಡೋಕೆ, ಇಡೋ ಓವನ್‌ನಲ್ಲಿ. ಟಿ6 ಹದಕ್ಕೆ (ಕ್ವೆಂಚ್ ಮಾಡಿ ಓವನ್‌ನಲ್ಲಿ ಏಜ್ ಮಾಡಿದ್ದು) ಎಲ್ಲರೂ ಬಳಸೋ 175 ಡಿಗ್ರಿ, 8 ಗಂಟೆ ಲೆಕ್ಕ ಹಿಡಿದರೆ ಏರಬೇಕಾದದ್ದು ಇಳಿದುಬಿಡುತ್ತೆ. ಕಾರಣ ಅರ್ಥವಾಗುತ್ತೆ: ಡಿಸ್‌ಲೊಕೇಶನ್‌ಗಳು (ಲೋಹದ ಹರಳಿನ ಜೋಡಣೆಯಲ್ಲಿರೋ ದೋಷಗೆರೆಗಳು) ಒತ್ತೊತ್ತಾಗಿ ತುಂಬಿರೋದರಿಂದ ಮೆಗ್ನೀಸಿಯಂ-ಸಿಲಿಕಾನ್ ಕಣಗಳು ಬೇಗ ಹುಟ್ಟಿ ಬೇಗ ದಪ್ಪಗಾಗುತ್ತವೆ, ಜೊತೆಗೆ ರಿಕವರಿ (ಬಿಸಿಗೆ ಆ ದೋಷಗಳು ಕಡಿಮೆಯಾಗೋದು) ಬೇರೆ. ಅದಕ್ಕೇ 100ರಿಂದ 120 ಡಿಗ್ರಿಗೆ ಇಳಿಸೋಣ ಅಂತಿದ್ದೀನಿ. ಈ ತಾಪದಲ್ಲಿ ಪೀಕ್ (ಅತಿ ಹೆಚ್ಚಿನ ಹಾರ್ಡ್‌ನೆಸ್) ಬರೋಕೆ ಎಷ್ಟು ಹೊತ್ತು ಬೇಕಾಯ್ತು ಅಂತ ಕೈಯಾರೆ ಮಾಡಿ ನೋಡಿದವರು ಹೇಳಿ. ಪೇಪರ್‌ಗಳಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಇನ್ನೊಂದು. ನಮ್ಮಲ್ಲಿ ಪ್ರೆಸ್ ಸಿಗೋಕೆ ಸರದಿ ಕಾಯಬೇಕು. ಕ್ವೆಂಚ್ ಆದ ಸರಳು ಸುಮ್ಮನೆ ಮೇಜಿನ ಮೇಲಿದ್ದರೂ ನ್ಯಾಚುರಲ್ ಏಜಿಂಗ್ ಶುರುವಾಗುತ್ತಲ್ಲ, ಅಲ್ಲಿವರೆಗೆ ಫ್ರೀಜರ್‌ನಲ್ಲಿಟ್ಟರೆ ಸಾಕಾ? ಎರಡನೇ ಪಾಸ್‌ನಲ್ಲಿ ಸರಳಿನ ಮೇಲ್ಮೈಯಲ್ಲಿ, ಅದೂ ಮುಂತುದಿ ಹತ್ತಿರ, ಅಡ್ಡಡ್ಡ ಬಿರುಕು ಬರ್ತಿದೆ. ಮಾಲಿಬ್ಡಿನಂ ಡೈಸಲ್ಫೈಡ್ ಗ್ರೀಸ್ ಧಾರಾಳವಾಗೇ ಹಚ್ಚಿದ್ದೀನಿ. ರ‍್ಯಾಮ್ (ಸರಳನ್ನು ತಳ್ಳೋ ದಂಡ) ವೇಗ ಇಳಿಸಬೇಕಾ, ಇಲ್ಲಾ ಡೈಯ ಹೊರಮೂಲೆ ಇನ್ನಷ್ಟು ದುಂಡಗೆ ಮಾಡಿಸಬೇಕಾ? ಡೈ ಮತ್ತೆ ಮಾಡಿಸೋದು ದುಬಾರಿ, ಅದನ್ನು ಕೊನೆಗೆ ಇಟ್ಟುಕೊಂಡಿದ್ದೀನಿ.

ಬಿರುಕಿನ ಫೋಟೋ ಬೇಕಾದವರು ಕಾಮೆಂಟ್‌ನಲ್ಲಿ ಹೇಳಿ, ಹಾಕ್ತೀನಿ.