ಮೈ ಲಾರ್ಡ್ ಮತ್ತು ಪೌತಿ ಖಾತೆ

ಮಗಳು ಲಾ ಕಾಲೇಜು ಸೇರಿದ ಮೇಲೆ ಸೀನುವಿನ ಮನೆಯಲ್ಲಿ ಯಾವ ಕೆಲಸವೂ ಹೇಳಿದ ದಿನ ಆಗುವುದಿಲ್ಲವಂತೆ.

"ತಟ್ಟೆ ತೊಳಿಯಮ್ಮ ಅಂದ್ರೆ, 'ಮೈ ಲಾರ್ಡ್, ಐ ಸೀಕ್ ಟೈಮ್' ಅಂತಾಳೆ ಕಣಯ್ಯಾ. ನಮ್ಮೋಳು ನನ್ನ ಮಾತೇ ಕೇಳದೆ ನೇರವಾಗಿ ಎಕ್ಸ್ ಪಾರ್ಟೆ ಆರ್ಡರ್ ಮಾಡ್ತಾಳೆ, ಆ ತಟ್ಟೆ ನನ್ನ ಪಾಲಿಗೆ ಬರುತ್ತೆ."

ಗೋಪಾಲಣ್ಣ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ನಗುವಾಗಲೂ ರಿಜಿಸ್ಟರಿಗೆ ಸಹಿ ಹಾಕುವ ಮುಖ. "ಆ ಮೈ ಲಾರ್ಡ್ ಬೇಡ ಅಂತ ಬಾರ್ ಕೌನ್ಸಿಲ್ಲೋರು 2006ರಲ್ಲೇ ಹೇಳಿದ್ರಪ್ಪ. ಯಾರು ಬಿಟ್ರು?"

"ಮೂಟ್ ಕೋರ್ಟಲ್ಲಿ, ಅದೇ ಕಾಲೇಜಿನೋರ ಅಣಕು ಕೋರ್ಟಲ್ಲಿ, ಕಪ್ ಬೇರೆ ಹೊಡ್ಕೊಂಡು ಬಂದಿದ್ದಾಳೆ," ಅಂದ ಸೀನು. "ಚಂದ್ರನ ಮೇಲೆ ಗಣಿ ತೋಡೋ ಹಕ್ಕು ಯಾವ ದೇಶದ್ದು ಅಂತ ವಾದ."

ಪುಟ್ಟಣ್ಣ ತಕ್ಕಡಿ ಬಿಟ್ಟು ತಲೆ ಎತ್ತಿದ. ಹರಟೆ ನಡೆಯುವುದು ಅವನ ದಿನಸಿ ಅಂಗಡಿಯ ಬೆಂಚಿನ ಮೇಲೆ, ಆದ್ದರಿಂದ ಅಡ್ಡಮಾತಿನ ಹಕ್ಕು ಅವನಿಗಿದೆ. "ಚಂದ್ರನ ಪಹಣಿ ಯಾರ ಹೆಸರಲ್ಲೈತೆ?"

"ತಮಾಷೆ ಅಲ್ಲಯ್ಯಾ. ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಮಾಡ್ಲೇಬೇಕು. ಮೂಟ್ ಕೋರ್ಟಿಂದೇ ಒಂದು ಪೇಪರ್, 100 ಮಾರ್ಕ್ಸು. ಅದರಲ್ಲಿ ವಾದಕ್ಕೆ 30, ಕೋರ್ಟಲ್ಲಿ ಒಂದು ಸಿವಿಲ್ಲು ಒಂದು ಕ್ರಿಮಿನಲ್ಲು ಕೂತು ನೋಡಿ ಬರೆದದ್ದಕ್ಕೆ 30..."

"ಆ ನೋಡೋಕೆ ಬರೋ ಮಕ್ಕಳು ನಮ್ಮ ಹಾಲ್‌ಗೇ ಬರ್ತಿದ್ರಲ್ಲ," ಗೋಪಾಲಣ್ಣನಿಗೆ ಹುರುಪು ಬಂತು. "ಬೆಳಿಗ್ಗೆ ಹನ್ನೊಂದಕ್ಕೆ ನೋಟ್‌ಬುಕ್ ಹಿಡ್ಕೊಂಡು ಕೂರೋವು. ಕೇಸು ಕೂಗ್ತಾರೆ. ವಾದಿ ವಕೀಲ್ರಿಲ್ಲ, ಪ್ರತಿವಾದಿ ಬಂದಿಲ್ಲ, ಮುಂದಿನ ತಾರೀಕು. ಮುಗೀತು. ಒಬ್ಬ ಹುಡುಗ ಮೆಲ್ಲಗೆ ನನ್ನ ಟೇಬಲ್ ಹತ್ರ ಬಂದು, 'ಸಾರ್, ಇದನ್ನ ಎರಡು ಪುಟ ಬರೀಬೇಕು, ಏನು ಬರೀಲಿ?' ಅಂದ. ಇದೇ ಕೇಸಿನ ಮೇಲೆ ಎರಡು ಕಪಾಟು ತುಂಬ ಬರೆದಿದೀವಿ, ನೀನು ಎರಡು ಪುಟಕ್ಕೆ ಹೆದರ್ತೀಯಲ್ಲೋ ಅಂದೆ."

ಪುಟ್ಟಣ್ಣನ ಬಳಿ ಇದಕ್ಕಿಂತ ದೊಡ್ಡ ಸರಕಿತ್ತು. ಅವನ ಊರಿಗೆ ಒಂದು ಕಾಲೇಜಿನ ಕಾನೂನು ನೆರವು ಘಟಕದವರು ಬಂದಿದ್ದರು. ಬ್ಯಾನರು, ಮೈಕು, ಉಪ್ಪಿಟ್ಟು, ಕೇಸರಿಬಾತು. ಹುಡುಗನೊಬ್ಬ ಉಚಿತ ಕಾನೂನು ನೆರವಿನ ಬಗೆಗಿನ ಸಂವಿಧಾನದ 39ಎ ವಿಧಿ, ಅದನ್ನು ತಂದ 1976ರ 42ನೇ ತಿದ್ದುಪಡಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ನೀರು ಕುಡಿದನಂತೆ. ಪ್ರಶ್ನೆ ಇದ್ರೆ ಕೇಳಿ ಅಂದರು. ಕೇಳಬಾರದಿತ್ತು.

"ನಮ್ಮ ಕೆಳಗಲ ಬೀದಿ ಅಜ್ಜಿ ಎದ್ದು ನಿಂತ್ಕೊಂಡ್ಳು. 'ನಮ್ ಯಜಮಾನ್ರು ಹೋಗಿ ಬಾಳ ವರ್ಷ ಆತು. ಪಹಣಿ ಇನ್ನೂ ಅವರೆಸ್ರಲ್ಲೇ ಐತೆ. ಏನ್ ಮಾಡ್ಲಪ್ಪ?' ಮೈಕ್ ಹಿಡಿದೋನು ಹಿಂದಿನೋನ್ನ ನೋಡ್ದ, ಅವನು ಲೆಕ್ಚರರ್ನ ನೋಡ್ದ, ಅವರು ಫೋಟೋ ತೆಗೆಸ್ತಿದ್ರು."

"39ಎ ಆದ್ಮೇಲೆ 39ಬಿ ಇಲ್ಲ ಪಾಪ," ಅಂದರು ಗೋಪಾಲಣ್ಣ.

"ಆಗ ಒಬ್ಳು ಹುಡುಗಿ, ಗಟ್ಟಿಗಿತ್ತಿ, ಅಜ್ಜಿ ಜೊತೆ ಜಗುಲಿ ಮೇಲೆ ಕೂತ್ಲು. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಪೌತಿ ಖಾತೆಗೆ, ಅಂದ್ರೆ ಸತ್ತೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋಕೆ, ಅರ್ಜಿ ಕೊಡ್ಬೇಕು ಅಂತ ಬರ್ಕೊಂಡ್ಲು. ಮಕ್ಕಳೆಷ್ಟು ಅಂದ್ಲು. ಮೂರು ಗಂಡು ಅಂದ್ಳು ಅಜ್ಜಿ. ಸರಿ, ಎಲ್ಲಾ ಬರೆದಾಯ್ತು. ಎಲೆ ಅಡಿಕೆ ಮುಗಿಯೋ ಹೊತ್ತಿಗೆ ಅಜ್ಜಿ, 'ಮಗಳ ಬಾಣಂತನಕ್ಕೆ ಸಾಲ ಮಾಡಿದ್ದು' ಅಂತ ಬಾಯಿ ಬಿಟ್ಳು. ಯಾವ ಮಗಳು? 'ಅವಳು ಯಾವನ್ ಜೊತೆಗೋ ಓಡೋದಳು ಕಣವ್ವ, ಲೆಕ್ಕಕ್ಕಿಲ್ಲ.'"

"ಲೆಕ್ಕಕ್ಕಿಲ್ವೇ! 1956ರಿಂದ ಲೆಕ್ಕಕ್ಕಿದ್ದಾಳೆ," ಗೋಪಾಲಣ್ಣ ಬೆಂಚು ತಟ್ಟಿದರು. "ಹಿಂದೂ ಉತ್ತರಾಧಿಕಾರ ಕಾಯ್ದೆ. ಅಪ್ಪ ಉಯಿಲು ಬರೀದೆ ಸತ್ರೆ ಅವನ ಪಾಲಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೆ. ಓಡಿಹೋದಳೋ ನಡಕೊಂಡು ಹೋದಳೋ ಕಾಯ್ದೆ ಕೇಳಲ್ಲ."

"ಆ ಹುಡುಗೀನೂ ಅದೇ ಹೇಳಿದ್ದು. ಹೇಳಿದ್ದೇ ತಡ, ದೊಡ್ಡ ಮಗ ಪಂಚೆ ಎತ್ತಿ ಕಟ್ಟಿದ. ಉಪ್ಪಿಟ್ಟು ತಿನ್ನೋಕೆ ಬಂದೋರು ನಮ್ಮನೆ ಒಡೀತಾರೆ ಅಂತ ಕೂಗಾಡ್ದ. ಹುಡುಗಿ ಕೈ ನಡುಗ್ತಿತ್ತು, ಆದ್ರೆ ನಾಲ್ಕನೇ ಹೆಸರು ಹೊಡೆದು ಹಾಕ್ಲಿಲ್ಲ."

ನನಗೆ ಆ ನಡುಗುವ ಕೈಯೇ ಇಷ್ಟವಾಯಿತು. ಮೂಟ್ ಕೋರ್ಟಿನಲ್ಲಿ ವಾಸ್ತವಾಂಶಗಳನ್ನು ನೀಟಾಗಿ ಟೈಪು ಮಾಡಿ ಮೊದಲೇ ಕೈಗೆ ಕೊಟ್ಟಿರುತ್ತಾರೆ. ಈ ನಾಲ್ಕನೆಯ ಮಗು ಎಲೆ ಅಡಿಕೆ ಮುಗಿಯುವ ತನಕ ಕೂತವರಿಗೆ ಮಾತ್ರ ಸಿಗುವಂಥದ್ದು.

"ಮಕ್ಕಳು ಕೋರ್ಟಿಗೆ ಹೋದ್ರೆ ಅಜ್ಜಿ ವಕೀಲ್ರ ಫೀಸಿಗೆ ಏನು ಮಾಡ್ಬೇಕು?" ಕೇಳಿದ ಸೀನು.

"ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದ್ರೆ ವಕೀಲ್ರನ್ನ ಕೊಡ್ತಾರೆ, ಬಿಟ್ಟಿ. 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಹೆಂಗಸರಿಗೆ ಆದಾಯದ ಮಿತಿ ಅಂತೇನೂ ಇಲ್ಲ. ನಿನ್ನ ಹೆಂಡ್ತಿಗೂ ಕೊಡ್ತಾರೆ," ಅಂದರು ಗೋಪಾಲಣ್ಣ.

"ನಮ್ಮೋಳಿಗೆ ಯಾತಕ್ಕೆ?"

"ನಿನ್ನ ಮೇಲೆ ಕೇಸ್ ಹಾಕೋಕೆ. ನಿನ್ನ ವಕೀಲ್ರಿಗೆ ಮಾತ್ರ ನಿನ್ನ ಪೆನ್ಷನ್ನಿಂದಲೇ ಕೊಡ್ಬೇಕು."

ಸೀನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜಿಯ ಖಾತೆ ಏನಾಯ್ತು ಎಂದ.

"ಅಲ್ಲೇ ಇರೋದು ತೊಂದ್ರೆ," ಅಂದ ಪುಟ್ಟಣ್ಣ. "ಹುಡುಗಿಗೆ ಪರೀಕ್ಷೆ ಬಂತು, ಆಮೇಲೆ ಇಂಟರ್ನ್‌ಶಿಪ್ ಅಂತ ಬೆಂಗಳೂರಿಗೆ ಹೋದ್ಲು. ಅವರ ಸೆಮಿಸ್ಟರ್ ಮುಗೀತು, ತಾಲ್ಲೂಕಾಫೀಸಿಗೆ ಸೆಮಿಸ್ಟರ್ ಎಲ್ಲೈತೆ? ಮುಂದಿನ ಬ್ಯಾಚು ಬ್ಯಾನರ್ ತಗೊಂಡು ಬೇರೆ ಊರಿಗೆ ಹೋಯ್ತು. ಅಜ್ಜಿ ಬೆಲ್ಲಕ್ಕೆ ಅಂತ ಬಂದಾಗೆಲ್ಲ ನನ್ನ ಕೇಳ್ತಾಳೆ, 'ಆ ಕೂಸು ಯಾವಾಗ ಬತ್ತದೆ?' ನಿಮ್ಮ ಮಗಳನ್ನಾದ್ರೂ ಕಳ್ಸಿ ಸಾಮಿ."

"ವಕೀಲಿಕೆಗೆ ಸನ್ನದು ಇಲ್ಲದೆ ಅವಳು ವಾದ ಮಾಡೋ ಹಾಗಿಲ್ವಲ್ಲ."

"ವಾದ ಯಾರಿಗೆ ಬೇಕು? ಅರ್ಜಿ ಎಲ್ಲಿಗೆ ಬಂದೈತೆ ಅಂತ ವಿಚಾರಿಸಿ, ಕನ್ನಡದಾಗೆ ಒಂದು ಜ್ಞಾಪನ ಬರೆದ್ರೆ ಸಾಕು. ಬರೀತಾಳಾ?"

"'ಮಾನ್ಯರೇ' ತನಕ ಬರೀತಾಳೆ," ಅಂದ ಸೀನು, ಪ್ರಾಮಾಣಿಕವಾಗಿ.

"ಅಲ್ಲಿಂದ ಮುಂದಕ್ಕೆ ನಾನು ಹೇಳ್ಕೊಡ್ತೀನಿ," ಎಂದು ಗೋಪಾಲಣ್ಣ ಎದ್ದರು. "ಕರಿ ಕೋಟು ಮಾತ್ರ ಮನೇಲಿ ಬಿಟ್ಟು ಬರೋಕೆ ಹೇಳು. ಅದನ್ನ ನೋಡಿದ್ರೆ ಅಜ್ಜಿ ಮೊದಲು ಸೊಂಟದ ಚೀಲ ಮುಚ್ಕೋತಾಳೆ, ಆಮೇಲೆ ಬಾಯಿ."