ಮೈನಸ್ 11.5 ಪವರ್, ಲೇಸರ್ ಆಗಲ್ಲ ಅಂದ್ರು. ಕಣ್ಣೊಳಗೆ ಲೆನ್ಸ್ ಹಾಕಿಸ್ಕೊಂಡೋರು ಯಾರಾದ್ರೂ ಇದೀರಾ?

ಆಲೆಮನೆ ಹುಡ್ಗ:
ನಂಗೆ 26. ಮಂಡ್ಯ ಹತ್ರದ ಹಳ್ಳಿ. ಎರಡು ಕಣ್ಣಿಗೂ ಮೈನಸ್ 11.5, ಎರಡು ವರ್ಷದಿಂದ ಬದಲಾಗಿಲ್ಲ. ಮನೇಲಿ ಆಲೆಮನೆ ಐತೆ. ಪಾಕದ ಹದ ನೋಡೋಕೆ ಕೊಪ್ಪರಿಗೆ ಮೇಲೆ ಬಗ್ಗಿದ್ರೆ ಕನ್ನಡಕ ಪೂರ್ತಿ ಹಬೆ. ಹೋದ ತಿಂಗ್ಳು ಬೆವರಿಗೆ ಜಾರಿ ಪಾಕದೊಳಕ್ಕೇ ಬಿತ್ತು. ಎತ್ತೋ ಹೊತ್ಗೆ ಫ್ರೇಮು ಸೊಟ್ಟ. ಅಪ್ಪ ಬೈದಿದ್ದು ಕನ್ನಡಕ ಹೋಯ್ತು ಅಂತಲ್ಲ, ಪಾಕ ಕೆಡ್ತು ಅಂತ.

ಮೈಸೂರಲ್ಲಿ ತೋರ್ಸಿದೆ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ದಪ್ಪ 490 ಮೈಕ್ರಾನ್, ಲೇಸರ್‌ಗೆ ಸಾಲಲ್ಲ, ಐಸಿಎಲ್ (ಕಣ್ಣೊಳಗೆ ಕೂರಿಸೋ ಲೆನ್ಸ್) ಹಾಕಿಸ್ಕೊಳ್ಳಿ ಅಂದ್ರು. ಅವ್ವ "ಈ ವಯಸ್ಗೇ ಪೊರೆ ಆಪ್ರೇಸನ್ನಾ" ಅಂತ ಅಳ್ತಾ ಕೂತವ್ಳೆ. ಹಾಕಿಸ್ಕೊಂಡೋರು ನಿಜ ಹೇಳಿ.

ಕುವೆಂಪುನಗರದ ಅಕ್ಕ:
ತಮ್ಮಾ, ನಾನು 2022ರಲ್ಲಿ ಹಾಕಿಸ್ಕೊಂಡೆ. ಮೈನಸ್ 13 ಇತ್ತು.

ಮೊದಲು ಅಮ್ಮನಿಗೆ ಹೇಳಿ, ಇದು ಪೊರೆ ಆಪರೇಷನ್ ಅಲ್ಲ. ಅದ್ರಲ್ಲಿ ಕಣ್ಣಿನ ಸ್ವಂತ ಲೆನ್ಸ್ ತೆಗೀತಾರೆ. ಇದ್ರಲ್ಲಿ ಅದನ್ನ ಮುಟ್ಟಲ್ಲ. ಅದರ ಮುಂದೆ, ಕಣ್ಣಿನ ಕಪ್ಪು ಭಾಗದ ಪರದೆ ಹಿಂದೆ, ಇನ್ನೊಂದು ತೆಳ್ಳನೆ ಲೆನ್ಸ್ ಕೂರಿಸ್ತಾರೆ. ಬೇಡ ಅಂದ್ರೆ ತೆಗೀಬಹುದು.

ಲೇಸರ್ ಯಾಕೆ ಆಗಲ್ಲ ಅನ್ನೋದು ಬರೀ ಲೆಕ್ಕ. ಒಂದು ಪವರ್‌ಗೆ ಕಾರ್ನಿಯಾನ ಸುಮಾರು 14 ಮೈಕ್ರಾನ್ ಕೆರೀತಾರೆ, ನಿಮಗೆ 160 ಹೋಯ್ತು. ಕೆರೆಯೋಕೆ ಮುಂಚೆ ಕಾರ್ನಿಯಾ ಮೇಲಿಂದ ಎತ್ತೋ ಪದರ 110. ಉಳಿಯೋದು 220. ಕನಿಷ್ಠ 250 ಇರ್ಬೇಕು. ಬೇಡ ಅಂದವರು ಒಳ್ಳೇ ಡಾಕ್ಟರ್.

ಆಪರೇಷನ್ ದಿನ ಎಚ್ಚರವಾಗೇ ಇದ್ದೆ. ಹನಿ ಹಾಕಿ ಮರಗಟ್ಟಿಸ್ತಾರೆ. 3 ಮಿಲಿಮೀಟರ್ ಸೀಳಿನಲ್ಲಿ ಸುರುಳಿ ಸುತ್ತಿದ ಲೆನ್ಸ್ ಒಳಗೆ ಹೋಗಿ ವೀಳ್ಯದೆಲೆ ಥರ ಬಿಚ್ಕೊಳ್ಳುತ್ತೆ. ನೋವಿಲ್ಲ, ಒತ್ತಿದ ಹಾಗೆ ಅನ್ಸುತ್ತೆ ಅಷ್ಟೆ. ಆಮೇಲೆ ಮೊದಲ ಸಲ ಮೈಗೆ ನೀರು ಹಾಕ್ಕೊಂಡ ದಿನ ಬಚ್ಚಲಲ್ಲಿ ನನ್ನ ಕಾಲ್ಬೆರಳು ಕಂಡವು. ಉಗುರು ಬಣ್ಣ ಸಮೇತ. ಇಪ್ಪತ್ತು ವರ್ಷ ಆಗಿತ್ತು ಕನ್ನಡಕ ಇಲ್ದೆ ಅವನ್ನ ನೋಡಿ.

ಈಗ ಹೊಸ ಲೆನ್ಸಿನ ನಟ್ಟನಡುವೆ ಸಣ್ಣ ತೂತು ಇರುತ್ತೆ, 0.36 ಮಿಲಿಮೀಟರ್. ಕಣ್ಣೊಳಗಿನ ನೀರು ಹರಿದಾಡೋಕೆ. ಅದ್ರಿಂದ ರಾತ್ರಿ ದೀಪದ ಸುತ್ತ ಬಳೆ ಕಾಣ್ಸುತ್ತೆ. ಭಾನುವಾರ ಅರಮನೆ ದೀಪ ನೋಡೋಕೆ ಹೋದ್ರೆ ಅಷ್ಟೂ ಬಲ್ಬಿಗೆ ಒಂದೊಂದು ಬಳೆ! ನಾಲ್ಕೈದು ತಿಂಗಳಲ್ಲಿ ಮಸುಕಾಯ್ತು, ಪೂರ್ತಿ ಹೋಗಿಲ್ಲ.

ಒಂದು ಸಿಟ್ಟು ಇದೆ. ಮೊದಲು ಹೋದ ಕಡೆ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸೋ ಪದರ) ನೋಡ್ಲೇ ಇಲ್ಲ, ನೇರ ರೇಟಿನ ಹಾಳೆ ಕೊಟ್ರು (ಎರಡು ಕಣ್ಣಿಗೆ ಲಕ್ಷ ದಾಟುತ್ತೆ, ಸಿದ್ಧವಾಗಿರಿ). ಎರಡನೇ ಕಡೆ ನೋಡಿದಾಗ ಬಲಗಣ್ಣಿನ ರೆಟಿನಾ ಅಂಚಲ್ಲಿ ತೂತು. ಮೊದಲು ಅದಕ್ಕೆ ಲೇಸರ್ ಹಾಕಿ ಆಮೇಲೆ ಲೆನ್ಸ್. ನಮ್ಮಂಥವರ ಕಣ್ಣುಗುಡ್ಡೆ ಉದ್ದ, ರೆಟಿನಾ ಎಳೆದ ಹಾಗಿರುತ್ತೆ. ಲೆನ್ಸ್ ಹಾಕಿದ್ರೂ ಗುಡ್ಡೆ ಗಿಡ್ಡ ಆಗಲ್ಲ. ವರ್ಷಕ್ಕೊಂದ್ಸಲ ತೋರಿಸ್ಲೇಬೇಕು.

ಕನ್ನಡಕದಂಗಡಿ:
ಅಕ್ಕ ಅಳತೆ ವಿಷಯ ಬಿಟ್ರು. ಲೆನ್ಸ್ 12.1ರಿಂದ 13.7 ಮಿಲಿಮೀಟರ್‌ವರೆಗೆ ನಾಲ್ಕು ಸೈಜು. ಚಿಕ್ಕದಾದ್ರೆ ಸ್ವಂತ ಲೆನ್ಸ್‌ಗೆ ತಾಗಿ ಪೊರೆ ಬರಬಹುದು, ದೊಡ್ಡದಾದ್ರೆ ಕಣ್ಣಿನ ಪ್ರೆಶರ್ ಏರುತ್ತೆ. ಕಣ್ಣಿನ ಮುಂಭಾಗದ ಆಳ 2.8 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಹಾಕಲ್ಲ. ಎಷ್ಟಿದೆ ಅಂತ ಕೇಳಿ ಬರೆಸ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದ್ರೆ ಅಳತೆಗೆ ಒಂದೆರಡು ವಾರ ಮುಂಚೆ ಬಿಡಿ. ನಲವತ್ತು ದಾಟಿದ್ಮೇಲೆ ಓದೋ ಕನ್ನಡಕಕ್ಕೆ ನಮ್ಮ ಅಂಗಡಿಗೆ ಬರ್ತೀರ, ಅದು ತಪ್ಪಿದ್ದಲ್ಲ.

ಕುವೆಂಪುನಗರದ ಅಕ್ಕ:
ಹೌದು ಸಾರ್, ಮರೆತೆ. ತಮ್ಮಾ, ಒಲೆಯ ಹೊಗೆ, ರಚ್ಚಿನ (ಕಬ್ಬಿನ ಸಿಪ್ಪೆ) ಬೂದಿ ಹತ್ರ ಆಪರೇಷನ್ ಆಗಿ ಒಂದು ತಿಂಗಳಾದ್ರೂ ಹೋಗ್ಬೇಡಿ. ಕಣ್ಣು ಉಜ್ಜೋದಂತೂ ಕೂಡ್ದು.

ಆಲೆಮನೆ ಹುಡ್ಗ:
ಅವ್ವಂಗೆ ಓದಿ ಹೇಳ್ದೆ. "ನಿಂದು ತೆಗ್ಯಲ್ಲ ತಾನೆ?" ಅಂತ ಮೂರು ಸಲ ಕೇಳಿದ್ಳು. ಆಳ 3.1 ಅಂತ ಚೀಟೀಲಿ ಐತೆ. ರೆಟಿನಾ ನಂಗೂ ನೋಡಿಲ್ಲ. ಮಂಗಳವಾರ ಹೋಗ್ತೀನಿ. ಪಾಪೆ ಹಿಗ್ಸೋ ಹನಿ ಹಾಕಿದ್ರೆ ಬೈಕ್ ಓಡ್ಸಕ್ಕಾಗಲ್ವಲ್ಲ, ರೈಲಲ್ಲೇ ಬರ್ತೀನಿ.