ಮೇ ತಿಂಗಳಲ್ಲಿ ನೀಲಗಿರಿಯ ಕೆರೆ: ಊಟಿಯೇ, ಪೈಕಾರವೇ, ಅವಲಾಂಚಿಯೇ?

ಕುಕ್ಕರಹಳ್ಳಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಮೂರನೆಯ ವಾರದಲ್ಲಿ, ಎರಡು ರಾತ್ರಿ ತಂಗುವ ಲೆಕ್ಕದಲ್ಲಿ, ಮೈಸೂರಿನಿಂದ ನಮ್ಮದೇ ಕಾರಿನಲ್ಲಿ ನೀಲಗಿರಿಗೆ ಹೋಗಿಬರಬೇಕೆಂದಿದ್ದೇವೆ. ಮನೆಯವರು ಕೇಳುತ್ತಿರುವುದು ಹೆಚ್ಚೇನಲ್ಲ: ಬೆಟ್ಟಗಳ ನಡುವೆ ಒಂದು ಕೆರೆ, ಅದರ ದಡದಲ್ಲಿ ಅರ್ಧ ದಿನವಾದರೂ ಅವಸರವಿಲ್ಲದೆ ಕೂರುವ ಅವಕಾಶ. ಅಂಗಡಿ ಬೀದಿ, ಚಾಕೊಲೇಟು, ಮೇಣದ ಬೊಂಬೆಗಳ ಪ್ರದರ್ಶನ ಇವು ಯಾವುವೂ ನಮಗೆ ಬೇಡ.

ತಂದೆಯವರಿಗೆ ಎಪ್ಪತ್ತು ದಾಟಿದೆ. ಸಮತಟ್ಟಾದ ದಾರಿಯಲ್ಲಿ ಆರಾಮವಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಹತ್ತಿ ಇಳಿಯುವುದು ಮಂಡಿ ನೋವಿನಿಂದಾಗಿ ಕಷ್ಟ. ತಾಯಿಯವರಿಗೆ ಘಾಟಿಯ ತಿರುವುಗಳಲ್ಲಿ ವಾಂತಿಯಾಗುತ್ತದೆ. ಮಗಳಿಗೆ ಒಂಬತ್ತು ವರ್ಷ, ದೋಣಿ ಇಲ್ಲದಿದ್ದರೆ ಅದು ಕೆರೆಯೇ ಅಲ್ಲ ಎಂಬುದು ಅವಳ ವಾದ. ಊಟಿ ಕೆರೆಯ ಹತ್ತಿರವೇ ಕೋಣೆ ಹಿಡಿಯುವುದು ಒಳ್ಳೆಯದೋ, ಅಥವಾ ಪೈಕಾರ, ಎಮರಾಲ್ಡ್, ಅವಲಾಂಚಿಯ ಕಡೆಗೆ ಸರಿಯುವುದು ಒಳ್ಳೆಯದೋ? ಬೇಸಿಗೆಯ ಕೊನೆಯಲ್ಲಿ ಅಲ್ಲೆಲ್ಲ ನೀರು ಇರುತ್ತದೆಯೇ? ಇ-ಪಾಸ್ ಇಲ್ಲದೆ ಬಿಡುವುದಿಲ್ಲವೆಂದೂ ಕೇಳಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಘಾಟಿಯ ದಾರಿಹೋಕ

ನಿಮಗೆ ಬೇಕಾಗಿರುವುದು ದಡದಲ್ಲಿ ಕೂರುವ ಬಿಡುವಾದರೆ, ಮೇ ತಿಂಗಳಲ್ಲಿ ಊಟಿ ಕೆರೆಯನ್ನು ಅದಕ್ಕೆ ಆರಿಸಿಕೊಳ್ಳಬೇಡಿ. ಆ ಕೆರೆಯನ್ನು 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ ಕಟ್ಟಿಸಿದರು. ಆಗ ಅದು ಈಗಿಗಿಂತ ಬಹಳ ದೊಡ್ಡದಾಗಿತ್ತು. ಇಂದು ಬಸ್ ನಿಲ್ದಾಣ ಇರುವ ನೆಲವೂ, ಕುದುರೆ ಓಟದ ಮೈದಾನವಿದ್ದ ನೆಲವೂ ಒಂದು ಕಾಲಕ್ಕೆ ನೀರಿನಡಿಯೇ ಇತ್ತು. ಊರು ಬೆಳೆದಂತೆ ಕೆರೆ ಕುಗ್ಗಿತು, ಕೋಡಪ್ಪಮಂದ್ ಕಾಲುವೆಯ ಮೂಲಕ ಊರಿನ ಕೊಳಚೆಯೂ ಅದಕ್ಕೆ ಸೇರತೊಡಗಿತು. ಇದರ ಮೇಲೆ ಮೇ ಮಧ್ಯಭಾಗದಲ್ಲಿ ಸಸ್ಯೋದ್ಯಾನದ ಫಲಪುಷ್ಪ ಪ್ರದರ್ಶನ ನಡೆಯುವುದರಿಂದ, ನೀವು ಹೇಳಿದ ವಾರದಲ್ಲಿ ದೋಣಿಮನೆಯ (ದೋಣಿ ಹತ್ತುವ ತಾಣ) ಸುತ್ತಲಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಅದೇ ದೊಡ್ಡ ಭಾಗ್ಯ.

ಪೈಕಾರದ ಅನುಕೂಲವೇನೆಂದರೆ, ಅದು ನಿಮ್ಮ ದಾರಿಯಲ್ಲೇ ಸಿಗುತ್ತದೆ. ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಗೂಡಲೂರು, ನಡುವಟ್ಟಂ ಮಾರ್ಗವಾಗಿ ಹತ್ತುವವರಿಗೆ ಊಟಿ ಇನ್ನೂ ಇಪ್ಪತ್ತು ಕಿಲೋಮೀಟರ್ ಇರುವಾಗಲೇ ಪೈಕಾರ ಬರುತ್ತದೆ. ಹೆಚ್ಚಿನವರು ಊಟಿಗೆ ಹೋಗಿ ಇಳಿದುಕೊಂಡು, ಮಾರನೆಯ ದಿನ ಮತ್ತೆ ಅದೇ ರಸ್ತೆಯಲ್ಲಿ ಹಿಂದಕ್ಕೆ ಬಂದು ಪೈಕಾರ ನೋಡುತ್ತಾರೆ. ಎರಡೇ ರಾತ್ರಿಯ ಪ್ರವಾಸದಲ್ಲಿ ಇದು ಅರ್ಧ ದಿನದ ನಷ್ಟ. ನೀವು ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ಪೈಕಾರದಲ್ಲಿ ಇಳಿದು, ತಮಿಳುನಾಡು ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ದೋಣಿಮನೆಯಲ್ಲಿ ಮಗಳ ಆಸೆಯನ್ನೂ ತೀರಿಸಿ, ನಂತರ ಊಟಿಯ ಕಡೆಗೆ ಹೊರಡಬಹುದು. ಸ್ಪೀಡ್ ಬೋಟಿಗೆ ಹಣ ಹೆಚ್ಚು, ಸಿಗುವ ಸಮಯ ಕಡಿಮೆ. ಹತ್ತಾರು ಜನ ಒಟ್ಟಿಗೆ ಕೂರುವ ಮೋಟಾರು ದೋಣಿಯೇ ಹಿರಿಯರಿಗೆ ಸರಿ. ದೋಣಿಮನೆಗೂ ಪೈಕಾರ ಜಲಪಾತಕ್ಕೂ ಬೇರೆ ಬೇರೆ ಪ್ರವೇಶವಿದೆ. ಜಲಪಾತಕ್ಕೆ ಇಳಿಜಾರಿನಲ್ಲಿ ನಡೆಯಬೇಕು, ಬೇಸಿಗೆಯಲ್ಲಿ ಅಲ್ಲಿ ನೀರಿನ ಹರಿವೂ ತೆಳುವಾಗಿರುತ್ತದೆ. ಆದ್ದರಿಂದ ತಂದೆಯವರನ್ನು ಅಲ್ಲಿಗೆ ನಡೆಸುವ ಅಗತ್ಯವಿಲ್ಲ.

ನೀರಿನ ಬಗ್ಗೆ ಕೇಳಿದ್ದೀರಿ. ಪೈಕಾರ, ಎಮರಾಲ್ಡ್, ಅವಲಾಂಚಿ ಇವೆಲ್ಲ ಕೆರೆಗಳೆಂದು ಕರೆಸಿಕೊಂಡರೂ ವಾಸ್ತವವಾಗಿ ವಿದ್ಯುತ್ ಉತ್ಪಾದನೆಗೆ ನೀರು ಕೂಡಿಡುವ ಜಲಾಶಯಗಳು. ಪೈಕಾರದ ವಿದ್ಯುದಾಗಾರ 1932ರಲ್ಲಿ ಆರಂಭವಾಯಿತು. ಎಮರಾಲ್ಡ್ ಮತ್ತು ಅವಲಾಂಚಿ, ಸ್ವಾತಂತ್ರ್ಯಾನಂತರ ಕೆನಡಾ ದೇಶದ ನೆರವಿನಿಂದ ರೂಪುಗೊಂಡ ಕುಂದಾ ಯೋಜನೆಯ ಭಾಗಗಳು. ನೈಋತ್ಯ ಮುಂಗಾರಿನಲ್ಲಿ ತುಂಬಿದ ನೀರನ್ನು ವರ್ಷವಿಡೀ ಬಳಸುವುದರಿಂದ ಮೇ ತಿಂಗಳ ಹೊತ್ತಿಗೆ ಮಟ್ಟ ತಗ್ಗಿರುವುದೇ ಹೆಚ್ಚು. ಚಿತ್ರಗಳಲ್ಲಿ ಕಾಣುವಂತೆ ಹುಲ್ಲಿನ ಅಂಚಿಗೆ ತಾಗಿ ನಿಂತ ನೀಲಿ ನೀರು ಸಿಗಲಿಕ್ಕಿಲ್ಲ. ನೀರಿಗೂ ಹುಲ್ಲಿಗೂ ನಡುವೆ ಬೋಳು ಮಣ್ಣಿನ ಅಗಲವಾದ ಪಟ್ಟಿ, ಅದರಲ್ಲಿ ಹಂತಹಂತವಾಗಿ ನೀರು ಇಳಿದ ಗೆರೆಗಳು ಕಾಣುತ್ತವೆ. ಆ ಪಟ್ಟಿಯ ಮೇಲ್ಭಾಗ ಒಣಗಿ ಗಟ್ಟಿಯಾದಂತೆ ತೋರಿದರೂ ನೀರಿನ ಹತ್ತಿರ ಕಾಲು ಹೂತುಹೋಗುವಷ್ಟು ಕೆಸರಿರುತ್ತದೆ, ಮಗುವನ್ನು ಒಬ್ಬಳನ್ನೇ ಬಿಡಬೇಡಿ. ಇಷ್ಟಾಗಿಯೂ ಬೆಳಗಿನ ಹೊತ್ತಿನಲ್ಲಿ ಎಮರಾಲ್ಡಿನ ದಡ ಊಟಿಗಿಂತ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಗುಂಡ್ಲುಪೇಟೆ ಗಡಿಯವ

ಮೇಲಿನವರು ಕೆರೆಯ ವಿಷಯ ಹೇಳಿದ್ದಾರೆ, ನಾನು ದಾರಿಯ ವಿಷಯವನ್ನಷ್ಟೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರವಾಸದ ವೇಳಾಪಟ್ಟಿಯನ್ನು ನಿರ್ಧರಿಸುವುದು ಗೇಟುಗಳೇ ಹೊರತು ಕೆರೆಯಲ್ಲ.

ಬಂಡೀಪುರದ ಅರಣ್ಯದೊಳಗಿನ ಹೆದ್ದಾರಿಯಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರಕ್ಕೆ ನಿಷೇಧವಿದೆ. ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ನೀವು ಅಲ್ಲಿದ್ದರೆ ಬಿಸಿಲೇರುವ ಮೊದಲೇ ಕಾಡು ದಾಟಬಹುದು, ಜಿಂಕೆಗಳಂತೂ ರಸ್ತೆಯಂಚಿನಲ್ಲೇ ಮೇಯುತ್ತಿರುತ್ತವೆ. ಕಾರು ನಿಲ್ಲಿಸಿ ಇಳಿಯುವುದಾಗಲಿ, ಕೋತಿಗಳಿಗೆ ತಿಂಡಿ ಹಾಕುವುದಾಗಲಿ ಮಾಡಿದರೆ ದಂಡ ಬೀಳುತ್ತದೆ.

ಇ-ಪಾಸಿನ ಬಗ್ಗೆ ನೀವು ಕೇಳಿದ್ದು ನಿಜ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಹೊರಗಿನ ವಾಹನಗಳಿಗೆ ಇದು ಕಡ್ಡಾಯವಾಯಿತು. 2025ರ ಬೇಸಿಗೆಯಲ್ಲಿ ವಾಹನಗಳ ಸಂಖ್ಯೆಗೂ ಮಿತಿ ಬಂತು: ನೀಲಗಿರಿಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000. ಶುಲ್ಕವಿಲ್ಲ, ಮೊಬೈಲ್ ಸಂಖ್ಯೆ ಕೊಟ್ಟು ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಪಡೆಯಬಹುದು. ಆದರೆ ಹೊರಡುವ ಹಿಂದಿನ ರಾತ್ರಿ ಪಡೆದರಾಯಿತು ಎಂದುಕೊಂಡು ಕೂರಬೇಡಿ, ತಾರೀಖು ಗೊತ್ತಾದ ಕೂಡಲೇ ಮಾಡಿಸಿ, ಆ ವರ್ಷದ ನಿಯಮವನ್ನೂ ಅಲ್ಲೇ ಓದಿಕೊಳ್ಳಿ. ಸಾಧ್ಯವಾದರೆ ಸೋಮವಾರ ಹೊರಟು ಬುಧವಾರ ಹಿಂದಿರುಗಿ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಈ ಪಾಸಿನ ಗೊಡವೆಯಿಲ್ಲ.

ಕೆಕ್ಕನಹಳ್ಳ ದಾಟಿದರೆ ತಮಿಳುನಾಡು. ಅಲ್ಲಿ ಕಾರಿನೊಳಗೆ ಪ್ಲಾಸ್ಟಿಕ್ ನೀರಿನ ಬಾಟಲಿ, ಕ್ಯಾರಿಬ್ಯಾಗ್ ಇವೆಯೇ ಎಂದು ನೋಡುತ್ತಾರೆ. ಮನೆಯಿಂದಲೇ ಸ್ಟೀಲ್ ಬಾಟಲಿ ತುಂಬಿಸಿಕೊಂಡು, ಬಟ್ಟೆ ಚೀಲ ತೆಗೆದುಕೊಂಡು ಹೊರಡಿ.

ಇನ್ನೊಂದು ಮಾತು. ತೆಪ್ಪಕಾಡಿನಲ್ಲಿ ಎಡಕ್ಕೆ ತಿರುಗಿ ಮಸಿನಗುಡಿ, ಕಲ್ಲಟ್ಟಿಯ ಮೂಲಕ ಹೋದರೆ ಊಟಿ ಹತ್ತಿರವೆಂದು ಮೊಬೈಲಿನ ನಕ್ಷೆ ತೋರಿಸುತ್ತದೆ. ಅದು 36 ಕಡಿದಾದ ತಿರುವುಗಳ ಘಾಟಿ, ಇಳಿಯುವಾಗ ಹೊರಗಿನ ನೋಂದಣಿಯ ವಾಹನಗಳನ್ನು ಅಲ್ಲಿ ಬಿಡುವುದಿಲ್ಲ. ಮೇಲಾಗಿ ಆ ದಾರಿಯಲ್ಲಿ ಹೋದರೆ ಪೈಕಾರ ತಪ್ಪಿಹೋಗುತ್ತದೆ. ತಾಯಿಯವರ ಆರೋಗ್ಯದ ದೃಷ್ಟಿಯಿಂದಲೂ ಗೂಡಲೂರಿನ ದಾರಿಯೇ ವಾಸಿ.

ಸುಮತಿಯಕ್ಕ

ಊಟಿ ಕೆರೆಯನ್ನು ಹೀಗೆ ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರು ನೋಟಕ್ಕಿಂತ ಮೊದಲು ಶೌಚಾಲಯ, ಔಷಧಿ ಅಂಗಡಿ, ಆಸ್ಪತ್ರೆ, ಬಿಸಿನೀರು ಬರುವ ಕೋಣೆ ಇವುಗಳನ್ನು ಯೋಚಿಸಬೇಕಾಗುತ್ತದೆ. ಎಮರಾಲ್ಡಿನ ಕಡೆ ಒಂಟಿ ಬಂಗಲೆಯಲ್ಲಿ ರಾತ್ರಿ ಹತ್ತಕ್ಕೆ ಎದೆನೋವು ಬಂದರೆ ಊಟಿಗೆ ಬರಲು ಮಂಜಿನಲ್ಲಿ ಎಷ್ಟು ಹೊತ್ತಾಗುತ್ತದೆ ಎಂಬುದನ್ನು ಗಂಡಸರು ಲೆಕ್ಕ ಹಾಕುವುದೇ ಇಲ್ಲ. ಊಟಿಯಲ್ಲೇ ತಂಗಿ, ಹಗಲು ಹೊತ್ತಿನಲ್ಲಿ ಕೆರೆಗಳಿಗೆ ಹೋಗಿಬನ್ನಿ. ಫರ್ನ್‌ಹಿಲ್ ಕಡೆ ಕೋಣೆ ಸಿಕ್ಕರೆ ಪೇಟೆಯ ಗದ್ದಲವೂ ಇರುವುದಿಲ್ಲ. ನಮ್ಮ ತೋಟಗಾರಿಕೆ ಇಲಾಖೆಯವರ ಕರ್ನಾಟಕ ಸಿರಿ ಉದ್ಯಾನವೂ ಅಲ್ಲಿಯೇ ಇದೆ. ಮೂವತ್ತೆಂಟು ಎಕರೆಯ ಆ ತೋಟಕ್ಕೆ ಸಸ್ಯೋದ್ಯಾನದಷ್ಟು ಜನ ಮುಗಿಬೀಳುವುದಿಲ್ಲ.

ತಾಯಿಯವರ ವಿಷಯ: ವಾಂತಿಯ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ, ಕೊಡುವುದಾದರೆ ಗೂಡಲೂರಿನಲ್ಲಲ್ಲ, ಘಾಟಿ ಆರಂಭವಾಗುವುದಕ್ಕೆ ಅರ್ಧ ಗಂಟೆ ಮುಂಚೆ. ಮುಂದಿನ ಸೀಟಿನಲ್ಲಿ ಕೂರಿಸಿ, ಹೊಟ್ಟೆ ತುಂಬ ತಿಂಡಿ ಬೇಡ, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಒಣಗಿಸಿದ ನೆಲ್ಲಿಕಾಯಿ ಅಡಿಕೆ ಬಾಯಲ್ಲಿಟ್ಟುಕೊಂಡರೆ ನಮ್ಮ ಮನೆಯವರಿಗೆ ಹಿತವಾಗುತ್ತದೆ. ಮೇ ತಿಂಗಳೆಂದು ಸ್ವೆಟರ್ ಬಿಟ್ಟು ಹೋಗಬೇಡಿ, ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ, ಮಳೆ ಬಂದ ಸಂಜೆ ಹಿರಿಯರಿಗೆ ಕಿವಿ ಮುಚ್ಚುವ ಟೋಪಿಯೇ ಬೇಕಾಗುತ್ತದೆ.

ಕುಕ್ಕರಹಳ್ಳಿ ನಿವಾಸಿ

ಇಷ್ಟು ವಿವರವಾಗಿ ಬರೆದ ತಮ್ಮೆಲ್ಲರಿಗೂ ಕೃತಜ್ಞತೆಗಳು. ಸುಮತಿಯಕ್ಕನವರ ಮಾತು ಮನೆಯಲ್ಲಿ ಎಲ್ಲರಿಗೂ ಸರಿಯೆನಿಸಿತು, ಊಟಿಯ ಹೊರವಲಯದಲ್ಲೇ ಕೋಣೆ ಹುಡುಕುತ್ತೇವೆ. ಸೋಮವಾರ ಹೋಗುವಾಗಲೇ ಪೈಕಾರವನ್ನು ಮುಗಿಸುತ್ತೇವೆ. ಉಳಿದಿರುವುದು ಮಂಗಳವಾರ ಒಂದೇ. ಅಂದು ಅವಲಾಂಚಿಗೆ ಹೋಗುವುದೋ, ಎಮರಾಲ್ಡಿಗೆ ಮಾತ್ರ ಹೋಗುವುದೋ? ಅವಲಾಂಚಿಯಲ್ಲಿ ಅರಣ್ಯ ಇಲಾಖೆಯ ವ್ಯಾನಿನಲ್ಲಿ ಹೋಗಬೇಕೆಂದು ಕೇಳಿದೆ, ತಂದೆಯವರಿಗೆ ಅದು ಆಗುತ್ತದೆಯೇ?

ಘಾಟಿಯ ದಾರಿಹೋಕ

ಸುಮತಿಯಕ್ಕನವರು ಹೇಳಿದ್ದು ಸರಿ, ರಾತ್ರಿಯ ತಂಗುವಿಕೆಯ ಮಟ್ಟಿಗೆ ನಾನೂ ಅವರ ಮಾತಿಗೆ ಬರುತ್ತೇನೆ. ಕೆರೆಯ ಮಟ್ಟಿಗೆ ಮಾತ್ರ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಅವಲಾಂಚಿ ಊಟಿಯಿಂದ ಹೆಚ್ಚುಕಡಿಮೆ ಇಪ್ಪತ್ತೈದು ಕಿಲೋಮೀಟರ್. 1823ರಲ್ಲಿ ಆದ ದೊಡ್ಡ ಭೂಕುಸಿತದಿಂದ ಆ ಹೆಸರು (ಇಂಗ್ಲಿಷಿನ ಅವಲಾಂಚ್, ಅಂದರೆ ಕುಸಿತ) ಬಂತೆನ್ನುತ್ತಾರೆ, 2019ರ ಆಗಸ್ಟಿನಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿದದ್ದೂ ಅಲ್ಲಿಯೇ. ನಿಮ್ಮ ಪ್ರವಾಸ ಜೂನ್ ಕಡೆಗೆ ಜಾರಿದರೆ ಆ ದಿಕ್ಕಿಗೆ ಹೋಗುವ ಯೋಚನೆಯನ್ನೇ ಬಿಡಿ. ಅಲ್ಲಿ ಸ್ವಂತ ವಾಹನವನ್ನು ಅರಣ್ಯದ ಗೇಟಿನಲ್ಲಿ ನಿಲ್ಲಿಸಿ, ಟಿಕೆಟ್ ಪಡೆದು, ಇಲಾಖೆಯ ವಾಹನದಲ್ಲಿ ಒಳಗೆ ಹೋಗಬೇಕು. ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಬೆಟ್ಟದ ಕಣಿವೆಯಲ್ಲಿ ಹೂಕೋಸಿನ ಗಡ್ಡೆಗಳಂತೆ ಉಬ್ಬಿ ನಿಂತಿರುವ ಜಾಗವೊಂದನ್ನು ತೋರಿಸುತ್ತಾರೆ, ಅದು ನೋಡಲೇಬೇಕಾದ ನೋಟವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಒಳದಾರಿ ಗುಂಡಿಬಿದ್ದದ್ದು, ವಾಹನ ಕುಲುಕುತ್ತದೆ, ಅದು ನಿಲ್ಲಿಸಿದಷ್ಟು ಹೊತ್ತು ಮಾತ್ರ ನಿಮಗೆ ನೋಡಲು ಬಿಡುವು. ಸೀಸನ್ನಿನಲ್ಲಿ ಸರದಿಗಾಗಿ ಕಾಯುವುದೂ ಇರುತ್ತದೆ. ದೋಣಿಯಿಲ್ಲ. ಮಂಡಿನೋವಿನವರಿಗೂ, ಸುಮ್ಮನೆ ಕೂರಬೇಕೆನ್ನುವವರಿಗೂ ಅದು ಹೊಂದುವುದಿಲ್ಲ.

ಎಮರಾಲ್ಡ್ ಹಾಗಲ್ಲ. ರಸ್ತೆಯಿಂದಲೇ ಜಲಾಶಯ ಕಾಣುತ್ತದೆ, ಕಾರನ್ನು ಬದಿಗೆ ಹಾಕಿ, ಮಡಚುವ ಕುರ್ಚಿಯೊಂದನ್ನು ತೆಗೆದುಕೊಂಡು ಹೋದರೆ ತಂದೆಯವರು ಮೆಟ್ಟಿಲಿನ ಹಂಗಿಲ್ಲದೆ ಕೂರಬಹುದು. ಸುತ್ತಲೂ ಚಹಾ ತೋಟ, ನಡುನಡುವೆ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಆಲೂಗಡ್ಡೆ, ಎಲೆಕೋಸಿನ ಹೊಲಗಳು. ಹಟ್ಟಿಯವರು ತಮ್ಮೊಳಗೆ ಆಡುವ ಮಾತು ನಿಮ್ಮ ಕಿವಿಗೆ ಅಪರಿಚಿತವೆನಿಸದು. ನಿಧಾನವಾಗಿ ಕನ್ನಡದಲ್ಲಿ ದಾರಿ ಕೇಳಿದರೆ ಹಿರಿಯರು ಉತ್ತರಿಸುತ್ತಾರೆ. ನೀರಿಗಿಳಿಯುವುದು ಮಾತ್ರ ಬೇಡವೇ ಬೇಡ, ಅಣೆಕಟ್ಟಿನ ನೀರು ಎಲ್ಲಿ ಆಳವಾಗುತ್ತದೆ ಎಂಬುದು ದಡದಿಂದ ತಿಳಿಯುವುದಿಲ್ಲ.

ಬೆಳಿಗ್ಗೆ ಎಂಟಕ್ಕೆಲ್ಲ ಊಟಿ ಬಿಡಿ. ಮೇ ತಿಂಗಳಲ್ಲಿ ಬೆಳಗ್ಗೆ ತಿಳಿಯಾಗಿರುವ ಆಕಾಶ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಕಪ್ಪಿಟ್ಟು ಗುಡುಗಿನ ಮಳೆ ಸುರಿಯುವುದು ಸಾಮಾನ್ಯ. ಹತ್ತಿರ ದೊಡ್ಡ ಹೋಟೆಲುಗಳಿಲ್ಲವಾದ್ದರಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿ, ಊಟ ಮುಗಿಸಿ ಮಳೆಗೆ ಮುಂಚೆ ಹೊರಟುಬಿಡಿ.

ಗುಂಡ್ಲುಪೇಟೆ ಗಡಿಯವ

ಬುಧವಾರದ ಬಗ್ಗೆ ಯಾರೂ ಹೇಳಲಿಲ್ಲ. ಊಟಿಯಿಂದ ಮೈಸೂರಿಗೆ ಗೂಡಲೂರಿನ ದಾರಿಯಲ್ಲಿ ಸುಮಾರು 160 ಕಿಲೋಮೀಟರ್. ಸೀಸನ್ನಿನಲ್ಲಿ ಗೂಡಲೂರು ಪೇಟೆಯೊಳಗೆ ವಾಹನಗಳು ಕಟ್ಟಿ ನಿಲ್ಲುತ್ತವೆ. ಮಳೆ ಬಿದ್ದ ದಿನ ಘಾಟಿಯಲ್ಲಿ ಮರವೊಂದು ಅಡ್ಡ ಬಿದ್ದರಂತೂ ಗಂಟೆಗಳು ಕಳೆಯುವುದೇ ತಿಳಿಯುವುದಿಲ್ಲ. ಹೊತ್ತು ಮೀರಿ ಬಂದರೆ ಗೇಟಿನಾಚೆ ರಾತ್ರಿ ಕಳೆಯಬೇಕಾಗುತ್ತದೆ. ಆದ್ದರಿಂದ ಕೋಣೆ ಖಾಲಿ ಮಾಡಿ ಬೆಳಿಗ್ಗೆ ಹತ್ತರೊಳಗೆ ಹೊರಟು, ಊಟಕ್ಕೆ ಗೂಡಲೂರಿನಲ್ಲಿ ನಿಲ್ಲದೆ ನೇರವಾಗಿ ಕಾಡು ದಾಟಿ ಗುಂಡ್ಲುಪೇಟೆಗೇ ಬಂದುಬಿಡಿ. ಕ್ಯಾರೆಟ್ ಕೊಳ್ಳುವುದಿದ್ದರೆ ಊಟಿ ಬಿಡುತ್ತಿದ್ದಂತೆ ರಸ್ತೆಬದಿಯಲ್ಲೇ ಸೊಪ್ಪಿನ ಸಮೇತ ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಸೊಪ್ಪು ಬಾಡಿರದ, ಮಣ್ಣು ತೊಳೆದ ಕಟ್ಟನ್ನು ನೋಡಿ ತೆಗೆದುಕೊಳ್ಳಿ, ಕೆಳಗೆ ಬಂದಂತೆ ಬೆಲೆ ಏರುತ್ತದೆ.